ತೂಗಾಡುವ ಕೀಲು

ಏನೋ ತೂಗಾಡುತ್ತಿದೆ, ಈಟಿಯಾಟದ ಅಂಗಳದ ನಡುಬೇಲಿಯ ಆ ತುದಿಯಲ್ಲಿ, ಯೋರಿಸ್‌ನ ಕೆನ್ನೆಯ ಬಳಿ, ಹೊಳೆದು ಆರಿ ಮತ್ತೆ ಹೊಳೆದು — ಹಿಲ್ಡೆ ಶಿರಸ್ತ್ರಾಣದ ಬೆರಳಗಲದ ಕಿಂಡಿಯಲ್ಲಿ ಕಣ್ಣು ಕಿರಿದು ಮಾಡಿದಳು, ಕೀಲು, ಅವನ ಮುಖಮುಚ್ಚಳವನ್ನು ಬಿಗಿಯುವ ಕೀಲು, ತೊಗಲ ದಾರದಲ್ಲಿ ಜೋತುಬಿದ್ದಿದೆ, ನೀರು ಕುಡಿಯಲು ಮುಚ್ಚಳ ಎತ್ತಿದವನು ಸಹಾಯಕನನ್ನು ಗದರಿಸಿ ಅಟ್ಟಿ ತಾನೇ ಪಟ್ಟನೆ ಮುಚ್ಚಿಕೊಂಡ, ಕೀಲು ತೂರಿಸುವುದು ಮರೆತ, ಮೂವತ್ತು ವರ್ಷ ಕೋಟೆ ಕೋಟೆಯ ಅಂಗಳದಲ್ಲಿ ಟಿಕೆಟ್ ಕೊಂಡ ಜನರೆದುರು ಕುದುರೆ ಓಡಿಸಿದ ಮಹಾಶಯ, ಮರೆತ. ಕೀಲಿಲ್ಲದ ಮುಚ್ಚಳ ಏಟಿಗೆ ಹಾರಿ ತೆರೆದುಕೊಳ್ಳುತ್ತದೆ, ಈಟಿಯ ತುದಿಗೆ ಸಿಕ್ಕಿಸಿದ ಹಗುರ ಮರ ಚೂರುಚೂರಾಗಿ ಒಳಗೆ — ಈಟಿ ಎತ್ತಬೇಕು, ನೆಟ್ಟಗೆ ಆಕಾಶಕ್ಕೆ ಎತ್ತಿ ಸುಮ್ಮನೆ ದಾಟಿ ಹೋಗಬೇಕು, ಎದುರಾಳಿಯ ಕವಚದಲ್ಲಿ ಕೊರತೆ ಕಂಡರೆ ಅದೇ ನಿಯಮ, ಅವನೇ ಕಲಿಸಿದ್ದು, ಮದುವೆಯಾದ ಮೊದಲ ವರ್ಷ, ಕಿಂಡಿಯಿಂದ ಎಲ್ಲಾ ಕಾಣುತ್ತೆ ಕಣೇ, ನೋಡೋ ಮನಸ್ಸಿರ್ಬೇಕು ಅಷ್ಟೇ. ಗೆಂಟ್‌ನಲ್ಲಿ ನಡೆದ ಆಟದಲ್ಲಿ ಅವಳದೇ ಕೀಲು ಜಾರಿದಾಗ ಅವನು ಈಟಿ ಎತ್ತಿದ್ದ, ಹೌದು, ಕಣ್ಣು ಉಳಿಸಿದ್ದ, ಆಮೇಲೆ ಬಿಯರ್ ಕುಡಿಯುತ್ತ ಕೂತವರ ಮುಂದೆ ಇವಳಿಗೆ ಬಾಯೂ ಮುಚ್ಚೋಕೆ ಬರಲ್ಲ, ಮುಖಾನೂ ಮುಚ್ಚೋಕೆ ಬರಲ್ಲ ಅಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಥೂ. ಗ್ರೀಟ್, ಅವಳ ಕಂದು ಹೆಣ್ಣುಕುದುರೆ, ಕುಂಟುತ್ತಿದ್ದರೂ ನೋವು ತಿಳಿಯದಂತೆ ಸೂಜಿ ಚುಚ್ಚಿಸಿ ಮೂರು ದಿನ ಓಡಿಸಿದ್ದ, ಮುಂಗಾಲು ಮುರಿದು ಮರಳಿನಲ್ಲಿ ಕುಸಿದಾಗ ಇನ್ನೊಂದು ತಗೊಂಡ್ರಾಯ್ತು, ಅಳ್ಬೇಡ, ಜನ ನೋಡ್ತಾರೆ — ಅವನನ್ನು ಬಿಟ್ಟುಬಂದು ಎರಡು ವರ್ಷ, ಗ್ರೀಟ್‌ಳ ಕಣ್ಣು ಇನ್ನೂ ಅವಳನ್ನು ಬಿಟ್ಟಿಲ್ಲ, ಹೊರಡುವ ಸನ್ನೆಯ ಬಾವುಟ ಬಿತ್ತು, ಹಿಮ್ಮಡಿ ಒತ್ತುವ ಮೊದಲೇ ಮೋರ್ ಹೊರಟ, ಒಳ್ಳೆಯ ಕುದುರೆ, ಏನೂ ಕೇಳದ ಕುದುರೆ, ಅವನ ನೆಗೆತ ಸೊಂಟದೊಳಗೆ, ಒಂದು ಎರಡು ಮೂರು, ಎತ್ತು, ಈಗಲೂ ಎತ್ತಬಹುದು, ತೋಳಿಗೆ ಗೊತ್ತಿದೆ, ಐದು, ಕೀಲು ಹೊಳೆಯುತ್ತಿದೆ, ಗುರಾಣಿಗೇ ತಾನೆ ಹೊಡೆಯುವುದು — ಗುರಾಣಿಯ ಮೇಲಂಚಿಗೆ, ಎಲ್ಲಿ ಹೊಡೆದರೆ ಚೂರು ಎತ್ತ ಹಾರುತ್ತದೆ ಎನ್ನುವುದನ್ನೂ ಅವನೇ ಕಲಿಸಿದ್ದು, ಏಳು, ಗದ್ದ ಎತ್ತಿದಳು, ಏಟಿನ ಗಳಿಗೆಯಲ್ಲಿ ಎಲ್ಲರೂ ಎತ್ತುವ ಹಾಗೆ, ಕಿಂಡಿಯ ತುಂಬ ಬರೀ ಆಕಾಶ, ತೋಳು ಏಳಲಿಲ್ಲ, ಅವಳು ಏಳಗೊಡಲಿಲ್ಲ.

ಮೋರ್ ತಾನಾಗಿ ನಿಂತ. ಹಿಂದೆ ಚಪ್ಪಾಳೆ, ಆಮೇಲೆ ಚಪ್ಪಾಳೆ ಇಲ್ಲ, ಒಬ್ಬ ಗಂಡಸು ಕರುವಿನ ಹಾಗೆ ಕೂಗುತ್ತಿದ್ದಾನೆ, ತೀರ್ಪುಗಾರ ಬೌಡವೈನ್ ಓಡಿಬಂದು ಲಗಾಮು ಹಿಡಿದ, ಹಿಲ್ಡೆ, ಅವನು ಕೀಲು ಹಾಕಿರ್ಲಿಲ್ಲ, ನಿಂಗೆ ಕಾಣ್ಲಿಲ್ವಾ, ಈ ಕಿಂಡೀಲಿ ಏನ್ ಕಾಣುತ್ತೆ ಬೌಡವೈನ್, ದನಿ ತಕ್ಕಷ್ಟೇ ನಡುಗಿತು, ಅವನು ಪಾಪ ಅವಳ ಮೊಣಕಾಲಿನ ಉಕ್ಕನ್ನು ತಟ್ಟಿ ನಿನ್ ತಪ್ಪಲ್ಲ ಬಿಡು ಅಂದ, ಎಲ್ಲರೂ ನಂಬುತ್ತಾರೆ, ನಂಬದವನು ಒಬ್ಬನೇ, ಸಂತೋಷವಾಗಿದೆ, ಹೌದು, ಹೊಟ್ಟೆ ತಣ್ಣಗಾಗಿದೆ, ಗೆಂಟ್‌ನಲ್ಲಿ ಅವನು ಎತ್ತಿದ್ದನಲ್ಲ, ಅದು ಈಗ ಯಾಕೆ ನೆನಪಾಗಬೇಕು — ತಿರುಗಬೇಡ ಮೋರ್, ತಿರುಗಿದ, ಮರಳಿನ ಮೇಲೆ ಮಂಡಿಯೂರಿದ ಯೋರಿಸ್, ಮುಖದ ಅರ್ಧಕ್ಕೆ ಕೈ, ಬೆರಳ ಸಂದಿಯಲ್ಲಿ ರಕ್ತ, ಉಳಿದ ಒಂದು ಕಣ್ಣು ಅವಳನ್ನೇ ನೋಡುತ್ತಿದೆ, ಕೆನ್ನೆಯ ಬಳಿ ದಾರ, ದಾರದ ತುದಿಯಲ್ಲಿ ಕೀಲು, ಇನ್ನೂ ತೂಗಾಡುತ್ತಿದೆ, ಹೊಳೆದು, ಆರಿ, ಹೊಳೆದು