ಅಳಲು ಬಿಡದ ಕೂಸು

ನನ್ನ ಮಗಳು ಶೈಲಶ್ರೀ ಹುಟ್ಟಿದ ದಿನ ಅತ್ತದ್ದೇ ಕೊನೆ. ಎಂಟು ತಿಂಗಳಾದರೂ ನೆಟ್ಟಗೆ ಅತ್ತವಳಲ್ಲ. ನಮ್ಮತ್ತೆ ರುಕ್ಮವ್ವ ಅಳಲು ಬಿಟ್ಟರೆ ತಾನೆ?

ಹುಟ್ಟುವಾಗಲೇ ಅವಳ ಮೂಗಿನ ಬುಡದಲ್ಲಿ ಕಡಲೆಕಾಳಿನಷ್ಟು ಗಂಟಿತ್ತು. ಬರಬರುತ್ತಾ ದಪ್ಪವಾಯಿತು. ಅತ್ತರೆ ಒಡೆದೀತು ಎಂದು ಲಗ್ಗೆರೆಯ ನಮ್ಮ ವಠಾರದಲ್ಲಿ ಯಾರೋ ಬಾಯಿಗೆ ಬಂದಂತೆ ಅಂದರು. ಸರಿ, ಅಂದಿನಿಂದ ಕೂಸು ನೆಲ ಕಾಣಲಿಲ್ಲ. ನಾನು ಪೀಣ್ಯದ ಗಾರ್ಮೆಂಟ್ಸಿಗೆ ಹೋದರೆ ಅತ್ತೆಯ ಹೆಗಲು, ಅತ್ತೆ ರೊಟ್ಟಿ ಬಡಿಯುವಾಗ ಮೇಲಿನ ಮನೆ ಅಂಜನಮ್ಮನ ಸೊಂಟ. ತುಟಿ ಡೊಂಕಾದರೆ ಸಾಕು, ನಾಲ್ಕು ಮನೆಯವರು ತಟ್ಟೆ ಬಡಿದು ಕುಣಿಯುತ್ತಿದ್ದರು. ನನಗೆ ರೇಗಿ ಹೋಗುತ್ತಿತ್ತು. ಆದರೆ ಹೆದರಿಕೆ ನನಗೂ ಇತ್ತು, ಬಾಯಿ ಮುಚ್ಚಿಕೊಂಡಿದ್ದೆ.

ಮೂಗು ಕಟ್ಟಿ ಹಾಲು ಕುಡಿಯಲಾಗದೆ ಹೋದಾಗ ದೊಡ್ಡಾಸ್ಪತ್ರೆಗೆ ಒಯ್ದೆವು. ಡಾಕ್ಟರ್ ಶಾಂತಿ ಟಾರ್ಚ್ ಹಿಡಿದು ನೋಡಿದರು.

"ಅಪರೂಪದ ಗಂಟು ಕಣಮ್ಮ. ಕೆಟ್ಟ ಜಾತಿದಲ್ಲ ಅನ್ಸುತ್ತೆ. ಆದ್ರೆ ಮೆದುಳಿಂದ ಇಳಿದು ಬಂದಿದ್ರೆ ಆಪರೇಷನ್ ಕಷ್ಟ. ಹಂಗಿದ್ರೆ ಮಗು ಅತ್ತಾಗ ಉಬ್ಬುತ್ತೆ. ಉಬ್ಬುತ್ತಾ?"

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡೆವು.

"ಅಳಾಕ ಬಿಟ್ಟೇ ಇಲ್ರಿ ಮೇಡಂ," ಅಂದರು ಅತ್ತೆ, ಹೆಮ್ಮೆಯಿಂದ.

"ಹಾಗಾದ್ರೆ ಈಗ ಅಳಿಸಿ."

ಹೇಳಿದಷ್ಟು ಸುಲಭವೇ? ಮೇಡಂ ಎತ್ತಿಕೊಂಡರೆ ನಕ್ಕಳು. ನರ್ಸ್ ಗದರಿದರೆ ಕೇಕೆ ಹಾಕಿದಳು. ವಠಾರದ ಕೈಗಳಲ್ಲೆಲ್ಲ ಬೆಳೆದವಳಿಗೆ ಯಾರ ಭಯ? ಕೊನೆಗೆ ನಾನೇ ಅಂದೆ, "ಅತ್ತಿ, ಕೂಸಿನ್ನ ಕೆಳಗ ಬಿಟ್ಟು ನೀವು ಹೊರಗ ಹೋಗ್ರಿ."

ಅತ್ತೆಯ ಮುಖ ಸಣ್ಣದಾಯಿತು. "ಗಂಟು ಒಡದು ಏನರ ಆದ್ರ, ಸವಿತಾ?"

"ಗೊತ್ತ ಮಾಡ್ಕೊಳ್ದ ಕುಂತ್ರೂ ಏನರ ಆಗತೈತ್ರಿ."

ಮಗುವನ್ನು ಮಂಚದ ಮೇಲೆ ಕೂರಿಸಿ, ತಿರುಗಿ ನೋಡದೆ ಬಾಗಿಲಾಚೆ ಹೋದರು. ಶೈಲಶ್ರೀ ಬಾಗಿಲನ್ನೇ ನೋಡಿದಳು. ತುಟಿ ಡೊಂಕು ಮಾಡಿದಳು. ತಟ್ಟೆ ಬಡಿಯುವವರು ಯಾರೂ ಇಲ್ಲ. ಆಮೇಲೆ ಅತ್ತಳು ನೋಡಿ, ವಾರ್ಡೆಲ್ಲ ಕೇಳುವಂತೆ. ಮುಖ ಕೆಂಪೇರಿತು, ಗಂಟು ಮಾತ್ರ ಇದ್ದಷ್ಟೇ ಇತ್ತು. ನನಗೂ ಅಳು ತಡೆಯಲಾಗಲಿಲ್ಲ.

"ಒಳ್ಳೇ ಲಕ್ಷಣ," ಅಂದರು ಡಾಕ್ಟರ್. "ಆದ್ರೂ ಸ್ಕ್ಯಾನ್ ಮಾಡಿ ಖಾತ್ರಿ ಮಾಡ್ಕೊಳ್ಳೋಣ."

ಸ್ಕ್ಯಾನೂ ಅದನ್ನೇ ಹೇಳಿತು. ಗಂಟಿಗೂ ಮೆದುಳಿಗೂ ದಾರಿಯಿರಲಿಲ್ಲ. ಆಪರೇಷನ್ ಮಾಡಿ ಪೂರ್ತಿ ತೆಗೆದರು.

ಗಾಯ ಮಾಗಿದ ಮೇಲೆ ಒಂದು ಸಂಜೆ, ಚಮಚ ಕಿತ್ತುಕೊಂಡಿದ್ದಕ್ಕೆ ಶೈಲಶ್ರೀ ಜೋರಾಗಿ ಅಳತೊಡಗಿದಳು. ಮೇಲಿನಿಂದ ಅಂಜನಮ್ಮ ತಟ್ಟೆ ಹಿಡಿದು ಓಡಿ ಬಂದರು. ಅತ್ತೆ ಹಿಟ್ಟಿನ ಕೈ ಅಡ್ಡ ಹಿಡಿದು ಬಾಗಿಲಲ್ಲೇ ತಡೆದರು.

"ಬಿಡ್ರಿ ಅಂಜನಮ್ಮಾರ, ಅಳ್ಲಿ. ಅವತ್ತ ದವಾಖಾನಿ ಬಾಗಲಾಗ ಕಿವಿ ಮುಚಗೊಂಡು ನಿಂತಿದ್ನಿ. ಇವತ್ತರ ಕೇಳ್ತೀನಿ."