ಸ್ವಾಧೀನದ ಪಾಠ

ಓಣಿಯವರಿಗೆಲ್ಲ ಅವಳು ಅತ್ತಿಗೆ. ಮರುದಿನ ಬೆಳಿಗ್ಗೆ ಅವಳಿಗೆ ಪರೀಕ್ಷೆ. ಹೊಲಿಗೆ ಯಂತ್ರದ ಮೇಲೆ ಕಾನೂನಿನ ಮೊದಲ ಪಾಠಗಳ ಪುಸ್ತಕ ತೆರೆದಿಟ್ಟುಕೊಂಡು, ಬಾಯೊಳಗೇ ಗುನುಗುತ್ತ ಕೂತಿದ್ದಳು. ಯಜಮಾನರು ತೀರಿಕೊಂಡ ಮೇಲೆ ಹೋದ ಕಚೇರಿಯಲ್ಲೆಲ್ಲ "ನಿಮಗಿದು ತಿಳಿಯಲ್ಲ ಬಿಡಿ" ಎನ್ನಿಸಿಕೊಂಡು ರೋಸಿಹೋಗಿ, ಈ ವಯಸ್ಸಿನಲ್ಲಿ ತರಗತಿಗೆ ಸೇರಿದ್ದಳು. ಮನೆ ಇನ್ನೂ ತೀರಿಹೋದ ಅತ್ತೆಯ ಹೆಸರಿನಲ್ಲೇ ಇತ್ತು, ಪಾಲಾಗಿರಲಿಲ್ಲ. "ಪಾಲಾಗೋ ತನಕ ಅಲ್ಲಿಂದ ಕದಲಬೇಡಿ. ನೀವು ಒಳಗಿರೋದೇ ನಿಮ್ಮ ಬಲ" ಎಂದು ಮೇಷ್ಟ್ರು ಹೇಳಿದ್ದರು.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮಹಡಿಯಿಂದ ಮೈದುನ ಇಳಿದು ಬಂದ. ಮನೆ ಕೊಡಿಸುವ ದಲ್ಲಾಳಿ ಅವನು. ಅಣ್ಣ ಹೋದ ಮೇಲೆ ಈ ಕಡೆ ತಲೆ ಹಾಕಿದವನಲ್ಲ.

"ಕೊಡಿ ಅತ್ತಿಗೆ ಪುಸ್ತಕ. ನಾನು ಕೇಳ್ತೀನಿ, ನೀವು ಹೇಳಿ."

"ತಪ್ಪಾದ್ರೆ ಕಿವಿ ಹಿಂಡ್ತೀಯೇನೋ?"

"ನಿಮ್ಮ ಕಿವಿ ಹಿಂಡೋ ಧೈರ್ಯ ಅಣ್ಣನಿಗೇ ಇರಲಿಲ್ಲ. ನನಗೆಲ್ಲಿಂದ ಬರಬೇಕು!" ಎನ್ನುತ್ತ ಅವನು ಕನ್ನಡಕ ಏರಿಸಿಕೊಂಡು ಹಾಳೆ ತಿರುವಿದ. "ಸಿವಿಲ್‌ಗೂ ಕ್ರಿಮಿನಲ್‌ಗೂ ಏನು ವ್ಯತ್ಯಾಸ?"

"ನಾನು ನಿನ್ನ ಪ್ಯಾಂಟು ಗಿಡ್ಡ ಹೊಲಿದೆ, ನೀನು ಪರಿಹಾರ ಕೇಳಿದೆ. ಅದು ಸಿವಿಲ್. ಅದೇ ಸಿಟ್ಟಿಗೆ ನನ್ನ ತಲೆ ಒಡೆದೆ ಅನ್ನು, ಕ್ರಿಮಿನಲ್."

"ಗಿಡ್ಡ ಹೊಲಿದಿದ್ದಂತೂ ನಿಜ."

ಇಬ್ಬರೂ ನಕ್ಕರು. ಒಪ್ಪಂದ ಎಂದರೇನು, ಒಪ್ಪಿಗೆ ಯಾವಾಗ ಊರ್ಜಿತ, ಎಲ್ಲಕ್ಕೂ ಅವಳು ತಡವರಿಸದೆ ಉತ್ತರ ಕೊಟ್ಟಳು. ತನ್ನ ಓದನ್ನು ಮನೆಯಲ್ಲಿ ಯಾರಾದರೂ ಕೂತು ಕೇಳಿದ್ದು ಇದೇ ಮೊದಲು. ಎದೆ ಉಬ್ಬಿತ್ತು.

"ಈಗ ಒಂದು ಉದಾಹರಣೆ. ಒಂದು ಮನೆ ಇದೆ. ಪಾಲಾಗಿಲ್ಲ. ಒಬ್ಬ ಹೆಂಗಸು ಒಳಗಿದ್ದಾಳೆ. ಅವಳನ್ನ ಹೊರಗೆ ಹಾಕಬಹುದಾ?"

"ಎಲ್ಲಾದ್ರೂ ಉಂಟೇ! ಸ್ವಾಧೀನ ಅವಳದು. ಕೋರ್ಟಿನ ಆದೇಶ ಇಲ್ದೆ ಒಂದು ಚೊಂಬೂ ಹೊರಗಿಡೋ ಹಾಗಿಲ್ಲ."

"ಅವಳೇ ಹೋದ್ರೆ?"

"ತಾನಾಗೇ ಕೀಲಿ ಕೊಟ್ಟು, ಸಾಮಾನು ಸಾಗಿಸ್ಕೊಂಡು ಹೋದ್ರೆ ಅದು ಬೇರೆ ಮಾತು."

"ತಾನಾಗೇ ಹೋದ್ಲು ಅಂತ ಹೇಳೋರು ಯಾರು?"

"ಸಾಕ್ಷಿ ಬೇಕಪ್ಪಾ. ಮನೆಯವರಲ್ಲ, ಹೊರಗಿನವರು. ಇಬ್ಬರು ಕಣ್ಣಾರೆ ನೋಡಿದ್ರೆ ಗಟ್ಟಿ."

"ಹೆದರಿಸಿ ಕಳಿಸಿದ್ರು ಅಂತ ಆಮೇಲೆ ಅವಳು ಅತ್ರೆ?"

"ಅತ್ರೆ ಆಯ್ತಾ? ಹೆದರಿಸಿದ್ರು ಅನ್ನೋದನ್ನ ಅವಳೇ ರುಜುವಾತು ಮಾಡಬೇಕು."

"ಭಲೇ ಅತ್ತಿಗೆ" ಎಂದ ಮೈದುನ, ಮೆಲ್ಲಗೆ.

ಆ ಮೆಲುದನಿಗೆ ಅವಳು ತಲೆಯೆತ್ತಿ ನೋಡಿದಳು. ಕನ್ನಡಕ ಅವನ ಜೇಬಿನಲ್ಲಿತ್ತು. ಅದಿಲ್ಲದೆ ಅವನಿಗೆ ಒಂದಕ್ಷರವೂ ಕಾಣುವುದಿಲ್ಲ. ಈ ಉದಾಹರಣೆ ಯಾವ ಪುಟದ್ದು?

ಕೇಳುವಷ್ಟರಲ್ಲಿ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ನಾಳೆ ನಿಮ್ಮ ಕೋಣೆಗೆ ಬಣ್ಣ ಹೊಡಿಸ್ತಿದ್ದೀವಿ. ಗೋಡೆ ನೋಡಿ, ಹೆಂಗೆ ಹೊಪ್ಪಳೆ ಎದ್ದಿದೆ! ಯಂತ್ರ, ಹಾಸಿಗೆ ಎಲ್ಲ ಇವತ್ತೇ ನಮ್ಮ ಚಿಕ್ಕಮ್ಮನ ಮನೆಗೆ ಸಾಗಿಸಿಬಿಡೋಣ. ನೀವೂ ಅಲ್ಲೇ ನೆಮ್ಮದಿಯಾಗಿ ಓದ್ಕೊಳ್ಳಿ."

"ನಾಳೆ ಪರೀಕ್ಷೆಗೆ ನಾನೇ ಬಿಟ್ಟು ಬರ್ತೀನಿ" ಎಂದ ಮೈದುನ. ಕಿಟಕಿಯಾಚೆ ಕೈಬೀಸಿದ. ಎದುರುಮನೆಯ ಗಂಡ ಹೆಂಡತಿ, ಕರೆಯುವುದನ್ನೇ ಕಾದಿದ್ದವರಂತೆ, ಈ ಮನೆಯ ಜಗಲಿಗೆ ಬಂದು ನಿಂತರು.

"ಕೀಲಿ ಕೊಡಿ ಅತ್ತಿಗೆ. ನಿಮ್ಮ ಕೈಯಾರೆ."

ಸೊಂಟದ ಕೀಲಿಯನ್ನು ಅವಳು ಸೆರಗಿನ ಮೇಲಿಂದಲೇ ಅದುಮಿ ಹಿಡಿದಳು. ಅವನಿಗೆ ಗೊತ್ತಿರದಿದ್ದ ಒಂದೊಂದನ್ನೂ, ಶಾಲೆಯ ಹುಡುಗಿಯ ಹಾಗೆ ಉಬ್ಬಿ ಉಬ್ಬಿ, ತಾನೇ ಬಿಡಿಸಿ ಹೇಳಿದ್ದಳು.

"ಬಣ್ಣ ಬೇಡ" ಎಂದಳು, ಜಗಲಿಗೆ ಕೇಳಿಸುವಂತೆ. "ನಾನು ಎಲ್ಲಿಗೂ ಹೋಗಲ್ಲ. ಎದುರುಮನೆಯವರೇ, ಕೇಳಿಸ್ತಾ? ಹೋಗಲ್ಲ ಅಂದೆ."

ಎದುರುಮನೆಯಾಕೆ ಗಂಡನ ಮುಖ ನೋಡಿದಳು. ಗಂಡ ಮೈದುನನ ಮುಖ ನೋಡಿದ.

"ಹಾಗಾದ್ರೆ ಪರೀಕ್ಷೆ?" ಮೈದುನ ಪುಸ್ತಕ ಮುಚ್ಚಿ ಅವಳ ಮಡಿಲಲ್ಲಿಟ್ಟ. "ಇಷ್ಟು ಓದಿದ್ದೀರಿ. ಹಾಳು ಮಾಡ್ಕೋಬೇಡಿ."

ಬೆಳಿಗ್ಗೆ ಅವಳು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಳು. ಜತೆಯವರು ಈಗ ಪರೀಕ್ಷೆಯ ಕೋಣೆಯೊಳಗೆ ಹೋಗುತ್ತಿರಬೇಕು. ಕಿಟಕಿಯ ಸಂದಿಯಿಂದ ನೋಡಿದರೆ ಬಣ್ಣದವರು ಬಂದಿದ್ದರು. ಡಬ್ಬವಿರಲಿಲ್ಲ, ಬ್ರಷ್ಷೂ ಇರಲಿಲ್ಲ. ಒಬ್ಬನ ತೊಡೆಯ ಮೇಲೆ ಹೊಸ ಬೀಗವೊಂದು ಕಾಗದದ ಸುತ್ತು ಬಿಚ್ಚದೆ ಕೂತಿತ್ತು. ಅವಸರವೇ ಇಲ್ಲದವರಂತೆ ಜಗಲಿಯ ಮೇಲೆ ಕಾಲು ಚಾಚಿದ್ದರು. ಎದುರುಮನೆಯವರೂ ಕುರ್ಚಿ ತಂದು ಹಾಕಿಕೊಂಡಿದ್ದರು.

ಮೈದುನನ ದನಿ ಬಾಗಿಲಿಗೆ ತೀರ ಹತ್ತಿರದಿಂದ ಬಂತು. ನಿನ್ನೆಯ ಸಲಿಗೆಯೇ ಇತ್ತು ಅದರಲ್ಲಿ.

"ಅತ್ತಿಗೆ, ಒಂದು ಪ್ರಶ್ನೆ ಉಳಿದೇಹೋಯ್ತು. ಆ ಹೆಂಗಸು ಎಷ್ಟು ದಿನ ಅಂತ ಒಳಗೇ ಕೂತಿರ್ತಾಳೆ?"

ಅದು ಯಾವ ಪಾಠದಲ್ಲೂ ಇರಲಿಲ್ಲ. ಹೊಲಿಗೆ ಯಂತ್ರವನ್ನು ಎಳೆದು ಬಾಗಿಲಿಗೆ ಒತ್ತರಿಸಿ, ಅದಕ್ಕೆ ಬೆನ್ನು ಕೊಟ್ಟು ಅವಳು ನೆಲದ ಮೇಲೆ ಕೂತಳು.