ನಾಲ್ಕಿಂಚಿನ ಕುಂಚದ ಅಕ್ಷರ

ಕ್ಯಾರಿಂಗ್ಟನ್ ಎಂಬ ಬಂದರು ಬಡಾವಣೆಯ ಕೆಲಸಗಾರರ ಸಂಘದ ಹಳೆಯ ಸಭಾಂಗಣದಲ್ಲಿ ಬ್ರೀಯಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಾಗ ಮೇವಿಸ್ ಕಿಲ್ಗೋರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಐವತ್ತು ವರ್ಷಗಳ ಹಿಂದೆ ತಾನೂ ಗೆಳತಿ ಥೆಲ್ಮಾಳೂ ಇಲ್ಲಿನ ಟೇಬಲ್ ಟೆನಿಸ್ ಮೇಜಿನ ಮೇಲೆ ಬ್ಯಾನರ್ ಹಾಸಿ ಬರೆದಿದ್ದ ದಪ್ಪ ಅಕ್ಷರಗಳು ಪರದೆಯ ಮೇಲೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದವು.

ಅವು ದಪ್ಪಗಾದದ್ದು ಸೊಗಸಿಗಲ್ಲ. ಬಂದರಿನ ಕೆಲಸಗಾರರ ಇಪ್ಪತ್ತೆರಡು ಮನೆಗಳನ್ನು ಕೆಡವಲು ಬಿಲ್ಡರ್ ಬಂದಾಗ, ಪ್ರತಿಭಟನೆಗಿಳಿದ ಹೆಂಗಸರ ಕೈಗೆ ಸಿಕ್ಕಿದ್ದು ಗೋಡೆಗೆ ಬಣ್ಣ ಬಳಿಯುವ ನಾಲ್ಕಿಂಚಿನ ಕುಂಚ ಒಂದೇ. ಒಂದೆಳೆತಕ್ಕೆ ಅಕ್ಷರದ ಒಂದು ಕಾಲು. ಓಡುವ ಲಾರಿಯವನಿಗೂ ಕಾಣಬೇಕು. ಮಳೆಯಲ್ಲಿ ಅರ್ಧ ತೊಳೆದುಹೋದರೆ ಉಳಿದರ್ಧ ಕೂಗಬೇಕು. ಬರೆಯುತ್ತಲೇ ತಿನ್ನುತ್ತಿದ್ದ ಬೀಟ್‌ರೂಟ್ ಸ್ಯಾಂಡ್‌ವಿಚ್ಚಿನ ಕಲೆ ಯಾವುದು, ಕೆಂಪು ಬಣ್ಣದ ಕಲೆ ಯಾವುದು ಎಂಬುದನ್ನು ಥೆಲ್ಮಾ ನೆಕ್ಕಿ ನೋಡಿಯೇ ಹೇಳುತ್ತಿದ್ದಳು.

ಕೊನೆಗೆ ಆರು ಮನೆ ಉಳಿದವು. ಥೆಲ್ಮಾ ಹೋಗಿ ಹನ್ನೊಂದು ವರ್ಷ.

ಬ್ರೀಯಾ ಅವಳ ಮೊಮ್ಮಗಳು. ಈ ಅಕ್ಷರಗಳಿಗೆ ಅಜ್ಜಿಯ ಹೆಸರಿಟ್ಟು ಫಾಂಟ್ ಮಾಡಿ ಮಾರಬೇಕೆಂದು ಆರು ತಿಂಗಳಿಂದ ದುಡಿಯುತ್ತಿದ್ದಳು. ಬಿಯರ್ ಡಬ್ಬಿ, ಬ್ಯಾಂಡಿನ ಪೋಸ್ಟರ್, ಕಾಫಿ ಅಂಗಡಿಯ ಬೋರ್ಡು, ಎಲ್ಲದಕ್ಕೂ ಈಗ ಹಳೇ ಕಾಲದ ದಪ್ಪಕ್ಷರವೇ ಬೇಕಂತೆ. ಘೋಷಣೆಗಳಲ್ಲಿ ಬೇಕಾಗದೆ ಇವರು ಎಂದೂ ಬರೆಯದಿದ್ದ ಅಕ್ಷರಗಳ ಪಟ್ಟಿಯೊಂದನ್ನು ತಂದಿದ್ದಳು. ಅಷ್ಟನ್ನು ಮೇವಿಸ್ ಬರೆದುಕೊಡಬೇಕು.

ಮೇವಿಸ್‌ಗೆ ಆಸೆಯೂ ಇತ್ತು, ಒಳಗೆ ಕಿಚ್ಚೂ ಇತ್ತು. ಬೀದಿಯ ತುದಿಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಬೇಲಿಗೆ ಇಂಥವೇ ಅಕ್ಷರಗಳಲ್ಲಿ 'ಹಳೆಯ ಬಂದರಿನ ಸೊಗಡು' ಎಂದು ಬರೆಸಿದ್ದರು. ಸೊಗಡಿನ ಜನರನ್ನು ಎಬ್ಬಿಸಿ ಓಡಿಸಿದವರೇ ಈಗ ಸೊಗಡು ಮಾರಲು ಕೂತಿದ್ದರು.

"ನಾಳೆ ಅವರೇ ಇದನ್ನ ಕೊಂಡ್ಕೊಂಡ್ರೆ?"

"ಕೊಂಡ್ಕೋತಾರೆ, ಮೇವಿಸ್ ಆಂಟಿ. ಕೊಡದಿದ್ರೆ ನಕಲು ಹೊಡೀತಾರೆ. ಅಜ್ಜಿ ಹೆಸರಾದ್ರೂ ಉಳೀಲಿ."

ಮೇವಿಸ್ ಕುಂಚ ಅದ್ದಿದಳು. ಕೈ ಎಳೆತ ಮರೆತಿರಲಿಲ್ಲ. ಕ್ಯೂ ಅಕ್ಷರದ ಬಾಲ ನೋಡಿ ಇಲಿಯ ಹಾಗಿದೆ ಎಂದು ಬ್ರೀಯಾ ನಕ್ಕಳು. ನಿಮ್ಮಜ್ಜಿ ಬರೆದಿದ್ದರೆ ಹಂದಿಯಾಗುತ್ತಿತ್ತು ಎಂದಳು ಮೇವಿಸ್.

ಪಟ್ಟಿಯ ಕೊನೆಯಲ್ಲಿ ಡಾಲರ್ ಚಿಹ್ನೆಯಿತ್ತು. ಮೇವಿಸ್ ಕುಂಚವನ್ನು ನೀರಿಗೆ ಹಾಕಿಬಿಟ್ಟಳು.

ಬೆಲೆ ಬರೆಯಲು ಅದಿಲ್ಲದಿದ್ದರೆ ಅಂಗಡಿಯವರು ಯಾರೂ ಕೊಳ್ಳುವುದಿಲ್ಲ, ಆರು ತಿಂಗಳು ನೀರುಪಾಲಾಗುತ್ತದೆ ಎಂದು ಬ್ರೀಯಾ ಗೋಗರೆದಳು. ಆದರೂ ಮೇವಿಸ್ ಮಣಿಯಲಿಲ್ಲ.

"ಕಾಫಿ ಅಂಗಡಿಯವನು ಬೆಲೇನ ಸೀಮೆಸುಣ್ಣದಲ್ಲಿ ಬರ್ಕೊಳ್ಳಲಿ. ಬೀದಿ ಉಳಿಸ್ಕೊಳ್ಳೋ ಜನಕ್ಕೆ ಇದನ್ನ ಪುಕ್ಕಟೆ ಕೊಡು, ಮಿಕ್ಕೋರಿಗೆ ಮಾರು. ಥೆಲ್ಮಾ ಹೆಸರಲ್ಲಿ ಆ ಗುರುತು ಮಾತ್ರ ಬೇಡ ಮಗಳೇ. ನಾವು ಆ ಮನೆಗಳಿಗೆ ರೇಟು ಹಾಕೋಕೆ ಕೂತಿರಲಿಲ್ಲ."

ಬ್ರೀಯಾ ತಾನೇ ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ಅದನ್ನು ಬರೆದುಕೊಳ್ಳಬಹುದಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಆ ಚಿಹ್ನೆಗೆಂದು ಪರದೆಯಲ್ಲಿ ಬಿಟ್ಟಿದ್ದ ಖಾಲಿ ಚೌಕದತ್ತ ಬ್ರೀಯಾ ನೋಡಿದಳು. ಆಮೇಲೆ ಪೆನ್ನು ತೆಗೆದು ಪಟ್ಟಿಯ ಕೊನೆಯ ಸಾಲನ್ನು ಹೊಡೆದುಹಾಕಿದಳು.

"ಗಿರಾಕಿಗಳು ಜಗಳಕ್ಕೆ ಬಂದ್ರೆ ನಿಮ್ಮ ನಂಬರ್ ಕೊಡ್ತೀನಿ."

"ಕೊಡು," ಎಂದಳು ಮೇವಿಸ್. "ಬೈಯೋದು ಇನ್ನೂ ಮರೆತಿಲ್ಲ ನಾನು."